ಓದುಗರ ಪ್ರಶ್ನೆ: ಬಾಯೊಳಗಿನ ಬಿಳಿ ಮಚ್ಚೆಗೆ ರಿಸೆಪ್ಟರ್ ಟೆಸ್ಟ್ ಬೇಕಾ?

ಕಳೆದ ಸಂಚಿಕೆಯಲ್ಲಿ ಅಡಿಕೆ, ತಂಬಾಕು ಮತ್ತು ಬಾಯಿ ಕ್ಯಾನ್ಸರ್ ಬಗ್ಗೆ ಬರೆದಿದ್ದೆ. ಆಮೇಲೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ತುಂಬಾ ಪತ್ರ ಬಂದವು. ಅವುಗಳಲ್ಲಿ ‘ರಿಸೆಪ್ಟರ್’, ‘ಪಿಡಿ-ಎಲ್1’, ‘ಇಮ್ಯೂನೋಥೆರಪಿ’ ಅನ್ನುವ ಮಾತುಗಳು ಮತ್ತೆ ಮತ್ತೆ ಕಾಣಿಸಿದವು. ಈ ಸಲ ಅಂಥ ಪತ್ರಗಳನ್ನೇ ಆರಿಸಿಕೊಂಡಿದ್ದೇನೆ. ಬಾಯಿಯ ಬಯಾಪ್ಸಿ ಚೂರುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದೇ ನನ್ನ ದಿನದ ಕೆಲಸ, ಹಾಗಾಗಿ ಕೆಲವು ಉತ್ತರ ಉದ್ದ ಆಗಿವೆ.

ಪ್ರಶ್ನೆ: ನಮ್ಮ ಅಣ್ಣನಿಗೆ 41 ವರ್ಷ. ಬಹಳ ವರ್ಷದಿಂದ ತಂಬಾಕು ತಿಕ್ಕಿ ಕೆನ್ನೆಯೊಳಗೆ ಇಡುತ್ತಾನೆ. ಅಲ್ಲಿ ಬಿಳಿ ಮಚ್ಚೆ ಆಗಿದೆ. ಬಯಾಪ್ಸಿಯಲ್ಲಿ ‘ಲ್ಯುಕೋಪ್ಲೇಕಿಯಾ, ಮೈಲ್ಡ್ ಡಿಸ್ಪ್ಲೇಸಿಯಾ’ ಅಂತ ಬಂತು. ಡೆಂಟಲ್ ಓದುತ್ತಿರುವ ನಮ್ಮ ಸಂಬಂಧಿಕರ ಹುಡುಗಿ, ‘ಇಂಥ ಮಚ್ಚೆಯಲ್ಲಿ ಟೋಲ್-ಲೈಕ್ ರಿಸೆಪ್ಟರ್ ಜಾಸ್ತಿ ಇರುತ್ತದೆ, ಅದನ್ನು ನೋಡಿದರೆ ಕ್ಯಾನ್ಸರ್ ಆಗುತ್ತೋ ಇಲ್ಲವೋ ಗೊತ್ತಾಗುತ್ತದೆ’ ಅಂದಳು. ಆ ಟೆಸ್ಟ್ ಎಲ್ಲಿ ಮಾಡುತ್ತಾರೆ?
— ಓದುಗರು, ರಾಣೆಬೆನ್ನೂರು

ಮೊದಲು ರಿಪೋರ್ಟಿನ ಮಾತು: ಲ್ಯುಕೋಪ್ಲೇಕಿಯಾ ಅಂದರೆ ಒರೆಸಿದರೂ ಹೋಗದ ಬಿಳಿ ಮಚ್ಚೆ, ಡಿಸ್ಪ್ಲೇಸಿಯಾ ಅಂದರೆ ಕೋಶಗಳ ರೂಪ ಕೆಡಲು ಶುರುವಾಗಿದೆ, ಇನ್ನೂ ಕ್ಯಾನ್ಸರ್ ಆಗಿಲ್ಲ ಅಂತ. ಆ ಟೆಸ್ಟ್ ಹುಡುಕಿಕೊಂಡು ಅಲೆಯಬೇಡಿ. ಅದು ಇನ್ನೂ ಸಂಶೋಧನೆಯ ಹಂತದಲ್ಲಿದೆ. ನಿಮ್ಮ ಅಣ್ಣನ ಚಿಕಿತ್ಸೆ ಅದರ ಮೇಲೆ ನಿಂತಿಲ್ಲ. ಆದರೆ ಹುಡುಗಿ ಹೇಳಿದ್ದರಲ್ಲಿ ಅರ್ಧ ನಿಜ ಇದೆ, ಆ ಅರ್ಧವನ್ನು ನೀವೂ ತಿಳಿದುಕೊಳ್ಳಬೇಕು.

ಬಾಯಿಯ ಒಳಪೊರೆಯ ಜೀವಕೋಶಗಳು ಸುಮ್ನೆ ಹೊದಿಕೆಯಾಗಿ ಕೂತಿರುವುದಿಲ್ಲ. ಅವುಗಳ ಮೈಮೇಲೆ, ಕೆಲವು ಸಲ ಒಳಗೂ, ರಿಸೆಪ್ಟರ್ ಎಂಬ ಪ್ರೋಟೀನ್‌ಗಳಿರುತ್ತವೆ. ತನಗೆ ಹೊಂದುವ ವಸ್ತು ಬಂದು ಅಂಟಿಕೊಂಡ ಕೂಡಲೇ ರಿಸೆಪ್ಟರ್ ಕೋಶದೊಳಕ್ಕೆ ಸುದ್ದಿ ಕಳಿಸುತ್ತದೆ. ಟೋಲ್-ಲೈಕ್ ರಿಸೆಪ್ಟರ್, ಅಂದರೆ ಟಿಎಲ್‌ಆರ್, ಮನುಷ್ಯರಲ್ಲಿ 10 ಬಗೆ ಇವೆ. 4ನೆಯದು ಒಂದು ಜಾತಿಯ ಬ್ಯಾಕ್ಟೀರಿಯಾಗಳ ಹೊರಪದರವನ್ನು ಗುರುತಿಸುತ್ತದೆ, 5ನೆಯದು ಅವು ಈಜಲು ಬಳಸುವ ಬಾಲದ ಪ್ರೋಟೀನನ್ನು, 9ನೆಯದು ಅವುಗಳ ಡಿಎನ್ಎಯನ್ನು. ಇದು ಗೊತ್ತಾದದ್ದು ಹಣ್ಣಿನ ನೊಣದಿಂದ. 1996ರಲ್ಲಿ ಫ್ರಾನ್ಸಿನ ಜೂಲ್ಸ್ ಹಾಫ್‌ಮನ್ ತಂಡ ಟೋಲ್ ಜೀನ್ ಕೆಟ್ಟ ನೊಣಗಳನ್ನು ನೋಡಿತು. ಅವುಗಳ ಮೈಮೇಲೆಲ್ಲ ಬೂಷ್ಟು ಬೆಳೆದು ಸತ್ತವು. ರಕ್ಷಣೆಗೆ ಟೋಲ್ ಬೇಕು ಅಂತ ತಿಳಿದದ್ದು ಹಾಗೆ. 1998ರಲ್ಲಿ ಅಮೆರಿಕದ ಬ್ರೂಸ್ ಬಾಯ್ಟ್ಲರ್ ತಂಡ ಇಲಿಗಳಲ್ಲಿ ಟಿಎಲ್‌ಆರ್-4ರ ಕೆಲಸ ತೋರಿಸಿತು. ಇಬ್ಬರಿಗೂ 2011ರಲ್ಲಿ ನೊಬೆಲ್ ಬಂತು.

ಈಗ ನಿಮ್ಮ ಅಣ್ಣನ ಕೆನ್ನೆಗೆ ಬರೋಣ. ಟಿಎಲ್‌ಆರ್ ಬರೀ ಬ್ಯಾಕ್ಟೀರಿಯಾಗೆ ಎಚ್ಚರ ಆಗುವುದಲ್ಲ, ನಮ್ಮದೇ ಕೋಶಗಳು ಗಾಯಗೊಂಡು ಸತ್ತಾಗ ಹೊರಬರುವ ವಸ್ತುಗಳಿಗೂ ಎಚ್ಚರ ಆಗುತ್ತದೆ. ಸುಣ್ಣದ ಉರಿ, ತಂಬಾಕಿನ ವಿಷ, ಒರಟು ಅಡಿಕೆಯ ತಿಕ್ಕಾಟ, ವಸಡಿನ ಕೀವು, ಎಲ್ಲವೂ ದಿನಕ್ಕೆ ಹತ್ತು ಸಲ ಒಂದೇ ಜಾಗಕ್ಕೆ ಬೀಳುತ್ತವೆ. ಓಣಿಯ ನಾಯಿ ಕಳ್ಳ ಬಂದಾಗ ಬೊಗಳಿದರೆ ಒಳ್ಳೆಯದೇ, ಆದರೆ ರಾತ್ರಿಯಿಡೀ ಯಾರೋ ಕಲ್ಲು ಹೊಡೆಯುತ್ತಲೇ ಇದ್ದರೆ ಅದು ಬೊಗಳುತ್ತಲೇ ಇರುತ್ತದೆ, ಕೊನೆಗೆ ಯಾರೂ ಎದ್ದು ನೋಡುವುದಿಲ್ಲ. ಇಲ್ಲೂ ಅಷ್ಟೇ. ಸುದ್ದಿ ನಿಲ್ಲದೆ ಹೋಗುತ್ತಿದ್ದರೆ ಕೋಶದೊಳಗೆ ಎನ್‌ಎಫ್-ಕಪ್ಪಾ-ಬಿ ಎಂಬ ಸ್ವಿಚ್ ಹೊತ್ತಿಕೊಂಡೇ ಇರುತ್ತದೆ. ಐಎಲ್-6, ಐಎಲ್-8 ಥರದ ರಾಸಾಯನಿಕಗಳು ಸುರಿಯುತ್ತಲೇ ಇರುತ್ತವೆ. ಇವು ಉರಿಯೂತ ತರುತ್ತವೆ, ಹೊಸ ರಕ್ತನಾಳ ಬೆಳೆಸುತ್ತವೆ, ಸಾಯಬೇಕಾದ ಕೋಶ ಸಾಯದಂತೆ ಮಾಡುತ್ತವೆ. ಡಿಎನ್ಎ ಆಗಲೇ ಕೆಟ್ಟಿರುವ ಕೋಶಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಕಾ?

ಹಲವು ಅಧ್ಯಯನಗಳಲ್ಲಿ ಆರೋಗ್ಯವಾದ ಒಳಪೊರೆಗಿಂತ ಡಿಸ್ಪ್ಲೇಸಿಯಾದಲ್ಲಿ, ಅದಕ್ಕಿಂತ ಕ್ಯಾನ್ಸರಿನಲ್ಲಿ, ಟಿಎಲ್‌ಆರ್-2, 4, 9 ಮೊದಲಾದವು ಜಾಸ್ತಿ ಕಂಡಿವೆ. ಹುಡುಗಿ ಹೇಳಿದ ಅರ್ಧ ನಿಜ ಇದು. ಉಳಿದರ್ಧ ತಪ್ಪು. ‘ಜಾಸ್ತಿ’ ಅಂದದ್ದು ಗುಂಪಿನ ಸರಾಸರಿ. ಒಬ್ಬೊಬ್ಬರನ್ನೇ ತೆಗೆದುಕೊಂಡರೆ ಸೌಮ್ಯ ಮಚ್ಚೆಯ ಅಂಕಿಯೂ ಕ್ಯಾನ್ಸರಿನ ಅಂಕಿಯೂ ಒಂದರ ಮೇಲೊಂದು ಬೀಳುತ್ತವೆ. ಲೈಕನ್ ಪ್ಲೇನಸ್ ಥರದ ಬೇರೆ ಕಾಯಿಲೆಯಲ್ಲೂ ಇವುಗಳ ಮಟ್ಟ ಬದಲಾಗುತ್ತದೆ. ರಿಸೆಪ್ಟರನ್ನು ಗುರುತಿಸಲು ಅದಕ್ಕೆ ಅಂಟಿಸುವ ಪ್ರೋಟೀನಿಗೆ ಆಂಟಿಬಾಡಿ ಅನ್ನುತ್ತಾರೆ; ಒಂದೊಂದು ಲ್ಯಾಬ್ ಒಂದೊಂದು ಆಂಟಿಬಾಡಿ ಬಳಸುತ್ತದೆ, ಎಣಿಸುವ ರೀತಿಯೂ ಬೇರೆ. ಫಿನ್ಲೆಂಡಿನ ನಾಲಿಗೆ ಕ್ಯಾನ್ಸರ್ ರೋಗಿಗಳಲ್ಲಿ ಟಿಎಲ್‌ಆರ್-5 ಜಾಸ್ತಿ ಇದ್ದವರಿಗೆ ಕಾಯಿಲೆ ಮರುಕಳಿಸುವುದು ಜಾಸ್ತಿ ಅಂತ ಕಂಡಿತ್ತು. ಆದರೆ ಅಲ್ಲಿಯವರು ಅಡಿಕೆ ಜಗಿಯುವವರಲ್ಲ. ಅಲ್ಲಿಯ ಮಾತನ್ನು ರಾಣೆಬೆನ್ನೂರಿನ ಬಾಯಿಗೆ ಹಾಗೇ ಹಚ್ಚುವುದು ಸರಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾದರೆ ಯಾವುದನ್ನು ನೋಡಬೇಕು? ಹಳೆಯ ಸಂಗತಿಗಳನ್ನೇ. ಡಿಸ್ಪ್ಲೇಸಿಯಾ ಮೈಲ್ಡಾ, ಮಾಡರೇಟಾ, ಸಿವಿಯರಾ. ಮಚ್ಚೆ ಬರೀ ಬಿಳಿಯಾ, ಮಧ್ಯ ಕೆಂಪು ಇದೆಯಾ. ನಾಲಿಗೆಯ ಅಂಚಲ್ಲೋ ನಾಲಿಗೆಯ ಕೆಳಗೋ ಇದೆಯಾ. 200 ಚದರ ಮಿಲಿಮೀಟರಿಗಿಂತ, ಅಂದರೆ ಅಡ್ಡಳತೆ ಸುಮಾರು 16 ಮಿಲಿಮೀಟರಿಗಿಂತ, ದೊಡ್ಡದಾ. ಕೆಂಪು ಇದ್ದರೆ, ಗಂಟು ಗಂಟಾಗಿದ್ದರೆ ಅಪಾಯ ಜಾಸ್ತಿ. ನಿಮ್ಮ ಅಣ್ಣ ತಂಬಾಕು ಪೂರ್ತಿ ಬಿಡಬೇಕು, ಡಾಕ್ಟರ್ ಕರೆದ ದಿನ ತಪ್ಪದೆ ಹೋಗಿ ತೋರಿಸಬೇಕು. ತಂಬಾಕು ಬಿಟ್ಟ ಮೇಲೆ ಎಷ್ಟೋ ಮಚ್ಚೆ ತೆಳುವಾಗುತ್ತವೆ, ಕೆಲವು ಮಾಯವೂ ಆಗುತ್ತವೆ. ಮಾಯವಾದರೂ ತಪಾಸಣೆ ನಿಲ್ಲಿಸಬೇಡಿ. ಮಚ್ಚೆ ದಪ್ಪವಾದರೆ, ಕೆಂಪಾದರೆ, ಹುಣ್ಣಾದರೆ ಕರೆದ ದಿನದವರೆಗೆ ಕಾಯಬೇಡಿ, ಮರುದಿನವೇ ಹೋಗಿ.

ಪ್ರಶ್ನೆ: ನನ್ನ ಗಂಡನಿಗೆ ದವಡೆ ಹತ್ತಿರ ಕ್ಯಾನ್ಸರ್ ಆಗಿ ಆಪರೇಷನ್, ರೇಡಿಯೇಷನ್ ಎರಡೂ ಆಯಿತು. ವರ್ಷದೊಳಗೆ ಕುತ್ತಿಗೆಯಲ್ಲಿ ಮತ್ತೆ ಗಂಟು ಬಂದಿದೆ. ಈಗ ‘ಪಿಡಿ-ಎಲ್1, ಸಿಪಿಎಸ್ 15’ ಅಂತ ರಿಪೋರ್ಟ್ ಬಂದಿದೆ. 15 ಅಂದರೆ ಒಳ್ಳೆಯದಾ ಕೆಟ್ಟದ್ದಾ? ಇಮ್ಯೂನೋಥೆರಪಿ ಮಾಡಿಸಬಹುದು ಅನ್ನುತ್ತಾರೆ. ಅದರ ಖರ್ಚು ಕೇಳಿ ಕೈಕಾಲು ನಡುಗಿತು.
— ಓದುಗರು, ಗದಗ-ಬೆಟಗೇರಿ

ತಾಯಿ, ಆ 15 ಅನ್ನುವುದು ಕಾಯಿಲೆ ಎಷ್ಟು ಜೋರಾಗಿದೆ ಅನ್ನುವುದರ ಅಂಕಿ ಅಲ್ಲ. ಮೊದಲು ಆ ಭಯ ಬಿಡಿ. ಒಂದು ಬಗೆಯ ಔಷಧಿ ಕೆಲಸ ಮಾಡುವ ಸಾಧ್ಯತೆ ಎಷ್ಟು ಅಂತ ಅಂದಾಜು ಮಾಡಲು ನೋಡುವ ಅಂಕಿ ಅದು.

ನಮ್ಮ ರಕ್ತದಲ್ಲಿ ಟಿ ಕೋಶ ಅಂತ ಇವೆ. ಕೆಟ್ಟ ಕೋಶವನ್ನು ಹುಡುಕಿ ಕೊಲ್ಲುವುದು ಅವುಗಳ ಕೆಲಸ. ಅವು ಎಲ್ಲೆ ಮೀರಿ ನಮ್ಮ ಮೈಯನ್ನೇ ಹಾಳು ಮಾಡಬಾರದು ಅಂತ ಅವುಗಳ ಮೇಲೆ ಪಿಡಿ-1 ಎಂಬ ತಡೆಯುವ ರಿಸೆಪ್ಟರ್ ಇರುತ್ತದೆ. ಅದಕ್ಕೆ ಬಂದು ಕೂಡುವ ಪ್ರೋಟೀನೇ ಪಿಡಿ-ಎಲ್1. ಎರಡೂ ಕೂಡಿದರೆ ಟಿ ಕೋಶ ಸುಮ್ಮನಾಗುತ್ತದೆ. ಕ್ಯಾನ್ಸರ್ ಕೋಶ ಮಾಡುವುದೇ ಇದನ್ನು: ಮೈತುಂಬಾ ಪಿಡಿ-ಎಲ್1 ಹೊರಹಾಕಿಕೊಂಡು, ಹತ್ತಿರ ಬಂದ ಟಿ ಕೋಶವನ್ನು ನಿಲ್ಲಿಸಿಬಿಡುತ್ತದೆ. ಪಿಡಿ-1 ಕಂಡುಹಿಡಿದದ್ದು ಜಪಾನಿನ ತಸುಕು ಹೊಂಜೊ ತಂಡ, 1992ರಲ್ಲಿ. ಇಂಥದ್ದೇ ಇನ್ನೊಂದು ತಡೆ ಸಿಟಿಎಲ್‌ಎ-4ರ ಮೇಲೆ ಕೆಲಸ ಮಾಡಿದವರು ಅಮೆರಿಕದ ಜೇಮ್ಸ್ ಆಲಿಸನ್. 2018ರ ನೊಬೆಲ್ ಇಬ್ಬರಿಗೂ ಬಂತು.

ಇದರಲ್ಲಿ ಒಂದು ಸೂಕ್ಷ್ಮ ಇದೆ, ಜನ ಇದನ್ನು ತಪ್ಪು ತಿಳಿಯುತ್ತಾರೆ. ಟಿ ಕೋಶ ಗಡ್ಡೆಯ ಒಳಗೆ ಬಂದು ಹೋರಾಡುವಾಗ ಇಂಟರ್ಫೆರಾನ್-ಗಾಮಾ ಎಂಬ ವಸ್ತು ಬಿಡುತ್ತದೆ. ಅದನ್ನು ಕಂಡೇ ಕ್ಯಾನ್ಸರ್ ಕೋಶ ಪಿಡಿ-ಎಲ್1 ಹೆಚ್ಚಿಸಿಕೊಳ್ಳುವುದು. ಅಂದರೆ ಎಷ್ಟೋ ಸಲ ಪಿಡಿ-ಎಲ್1 ಕಾಣುವುದು ‘ಟಿ ಕೋಶಗಳು ಇಲ್ಲಿ ಬಂದಿವೆ, ಆದರೆ ತಡೆಯಲ್ಪಟ್ಟಿವೆ’ ಅನ್ನುವುದರ ಗುರುತು. ಆ ತಡೆ ತೆಗೆದರೆ ಅವು ಮತ್ತೆ ಕೆಲಸ ಮಾಡಬಹುದು. ಪೆಂಬ್ರೊಲಿಜುಮ್ಯಾಬ್, ನಿವೊಲುಮ್ಯಾಬ್ ಎಂಬ ಇಮ್ಯೂನೋಥೆರಪಿ ಔಷಧಿಗಳು ಮಾಡುವುದು ಅಷ್ಟನ್ನೇ: ಪಿಡಿ-1 ಮೇಲೆ ಹೋಗಿ ಕೂತು, ಪಿಡಿ-ಎಲ್1 ಅದಕ್ಕೆ ಸಿಗದಂತೆ ಮಾಡುತ್ತವೆ.

15 ಹೇಗೆ ಬಂತು ಅಂತಲೂ ಹೇಳುತ್ತೇನೆ. ನಿಮ್ಮವರ ಗಂಟಿನಿಂದ ತೆಗೆದ ಚೂರನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ಎಷ್ಟೋ ತೆಳುವಾಗಿ ಸೀಳಿ, ಗಾಜಿನ ಮೇಲೆ ಹರಡುತ್ತಾರೆ. ಪಿಡಿ-ಎಲ್1ಗೆ ಮಾತ್ರ ಅಂಟುವ ಆಂಟಿಬಾಡಿ ಹಾಕಿ ಬಣ್ಣ ಬರಿಸುತ್ತಾರೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೋಶಗಳ ನಡುಭಾಗ ನೀಲಿ, ಪಿಡಿ-ಎಲ್1 ಇರುವಲ್ಲಿ ಅಂಚಿನುದ್ದಕ್ಕೂ ಕಂದು ಗೆರೆ. ಕೆಲವು ಕಡೆ ಗೆರೆ ಪೂರ್ತಿ ಸುತ್ತಿರುತ್ತದೆ, ಕೆಲವು ಕಡೆ ಅರ್ಧ. ಪಕ್ಕದಲ್ಲೇ ಲಿಂಫೋಸೈಟ್ ಎಂಬ ಸಣ್ಣ ಸಣ್ಣ ರಕ್ಷಣಾ ಕೋಶಗಳೂ ಕಂದಾಗಿರುತ್ತವೆ. ಕಂದಾದ ಕ್ಯಾನ್ಸರ್ ಕೋಶ, ಲಿಂಫೋಸೈಟ್, ಮ್ಯಾಕ್ರೋಫೇಜ್ ಎಂಬ ಇನ್ನೊಂದು ಬಗೆಯ ರಕ್ಷಣಾ ಕೋಶ, ಮೂರನ್ನೂ ಕೂಡಿಸಿ, ಜೀವ ಇರುವ ಒಟ್ಟು ಕ್ಯಾನ್ಸರ್ ಕೋಶಗಳ ಸಂಖ್ಯೆಯಿಂದ ಭಾಗಿಸಿ, 100ರಿಂದ ಗುಣಿಸಿದರೆ ಸಿಪಿಎಸ್. ಎಣಿಸಲು ಕನಿಷ್ಠ 100 ಕ್ಯಾನ್ಸರ್ ಕೋಶ ಇರಬೇಕು. ಕಣ್ಣಿನಿಂದ ಮಾಡುವ ಕೆಲಸ ಆದ್ದರಿಂದ ಇಬ್ಬರು ನೋಡಿದರೆ 15 ಇದ್ದದ್ದು 12 ಆಗಬಹುದು, 20 ಆಗಬಹುದು. ಬಾಯಿಯ ಗಡ್ಡೆಯಲ್ಲಿ ಒಂದು, ಕುತ್ತಿಗೆಯ ಗಂಟಿನಲ್ಲಿ ಇನ್ನೊಂದು ಬರುವುದೂ ಉಂಟು.

ಈಗ ಔಷಧಿಯ ವಿಷಯ, ಮುಚ್ಚುಮರೆ ಇಲ್ಲದೆ. 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಒಂದರಲ್ಲಿ, ಮರುಕಳಿಸಿದ ಅಥವಾ ಹರಡಿದ ತಲೆ-ಕುತ್ತಿಗೆ ಕ್ಯಾನ್ಸರಿನ 882 ಜನರಿದ್ದರು. ಸಿಪಿಎಸ್ 20 ಮತ್ತು ಮೇಲಿದ್ದವರಲ್ಲಿ ಪೆಂಬ್ರೊಲಿಜುಮ್ಯಾಬ್ ಒಂದನ್ನೇ ಪಡೆದವರ ಬದುಕಿನ ಮಧ್ಯಮ ಅವಧಿ (ಅರ್ಧ ಜನ ಇದಕ್ಕಿಂತ ಹೆಚ್ಚು ಬದುಕಿದರು, ಅರ್ಧ ಜನ ಕಮ್ಮಿ) 14.9 ತಿಂಗಳು, ಹಳೆಯ ಕೀಮೋ ಮಿಶ್ರಣ ಪಡೆದವರದ್ದು 10.7 ತಿಂಗಳು. ಸಿಪಿಎಸ್ 1 ಮತ್ತು ಮೇಲಿದ್ದವರನ್ನೆಲ್ಲ ಸೇರಿಸಿದರೆ 12.3 ಮತ್ತು 10.3; ನಿಮ್ಮವರ 15 ಬರುವುದು ಈ ಗುಂಪಿನಲ್ಲಿ. ಗಡ್ಡೆ ಕಣ್ಣಿಗೆ ಕಾಣುವಷ್ಟು ಕುಗ್ಗಿದ್ದು ಐದರಲ್ಲಿ ಒಬ್ಬರಿಗೆ ಮಾತ್ರ, ಆದರೆ ಕುಗ್ಗಿದವರಲ್ಲಿ ಅದು ಬಹಳ ಕಾಲ ನಿಂತಿತು. ಇದು ನಿಜವಾದ ಲಾಭ. ಪವಾಡ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ‘ಏನೂ ಪ್ರಯೋಜನ ಇಲ್ಲ’ ಅಂದರೂ ನಂಬಬೇಡಿ.

ಖರ್ಚಿನ ಬಗ್ಗೆ ನೀವು ಡಾಕ್ಟರಿಗೆ ಧೈರ್ಯವಾಗಿ ಕೇಳಬೇಕಾದ ಒಂದು ಪ್ರಶ್ನೆ ಇದೆ: ‘ನಮಗೆ ಲೋ-ಡೋಸ್ ನಿವೊಲುಮ್ಯಾಬ್ ಆಗುತ್ತದಾ?’ ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆ ಈ ಪ್ರಯೋಗ ಮಾಡಿತು. ಸಾಮಾನ್ಯವಾಗಿ ನಿವೊಲುಮ್ಯಾಬ್ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ ಕೊಡುತ್ತಾರೆ. ಅವರು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟರು, ಜೊತೆಗೆ ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್, ಎರ್ಲೊಟಿನಿಬ್ ಮಾತ್ರೆಗಳು. ಒಂದು ವರ್ಷದ ನಂತರ, ಮಾತ್ರೆ ಮಾತ್ರ ಪಡೆದವರಲ್ಲಿ ನೂರಕ್ಕೆ 16.3 ಜನ ಬದುಕಿದ್ದರೆ ಲೋ-ಡೋಸ್ ಸೇರಿಸಿದವರಲ್ಲಿ 43.4 ಜನ. ನಮ್ಮ ದೇಶದ ರೋಗಿಗಳ ಮೇಲೆ, ನಮ್ಮ ಜನರ ಕೈಗೆಟುಕಬೇಕು ಅಂತಲೇ ಮಾಡಿದ ಕೆಲಸ ಇದು. ಇದರ ಬಗ್ಗೆ ನನಗೆ ತುಂಬಾ ಹೆಮ್ಮೆ ಇದೆ, ಹೇಳದೆ ಇರಲಾರೆ.

ಇನ್ನೊಂದು ಮಾತು. ತಡೆ ತೆಗೆದಾಗ ಟಿ ಕೋಶಗಳು ಥೈರಾಯ್ಡ್, ಕರುಳು, ಶ್ವಾಸಕೋಶದ ಮೇಲೂ ಬೀಳಬಹುದು. ಔಷಧಿ ಶುರುವಾದ ಮೇಲೆ ಭೇದಿ, ಒಣ ಕೆಮ್ಮು, ಏದುಸಿರು, ವಿಪರೀತ ಸುಸ್ತು ಬಂದರೆ ಊರಿನಲ್ಲೇ ಮಾತ್ರೆ ತಗೊಂಡು ಸುಮ್ನೆ ಇರಬೇಡಿ, ಔಷಧಿ ಕೊಟ್ಟ ಆಸ್ಪತ್ರೆಗೆ ಫೋನ್ ಮಾಡಿ. ಆಯುಷ್ಮಾನ್ ಕಾರ್ಡ್ ಇದ್ದರೆ ಯಾವುದಕ್ಕೆ ಅನ್ವಯ ಆಗುತ್ತದೆ ಅಂತ ಆಸ್ಪತ್ರೆಯಲ್ಲಿ ಕೂರುವ ಆರೋಗ್ಯ ಮಿತ್ರರನ್ನು ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ನಾನು ತಂಬಾಕು ಮುಟ್ಟಿಲ್ಲ. ಬರೀ ಅಡಿಕೆ ಪ್ಯಾಕೆಟ್, ದಿನಕ್ಕೆ ಆರೇಳು. ಆರು ತಿಂಗಳಿಂದ ರೊಟ್ಟಿ ಜೊತೆ ಕೆಂಪು ಚಟ್ನಿ ತಿಂದರೆ ಬಾಯಿ ಉರಿಯುತ್ತದೆ. ಮಿರ್ಚಿ ಭಜಿ ಬಾಯೊಳಗೆ ಹೋಗುವುದಿಲ್ಲ, ಮುರಿದು ತಿನ್ನಬೇಕು. ವಯಸ್ಸು 24. ಗೆಳೆಯರು ‘ತಂಬಾಕಿಲ್ಲ ಅಂದ್ರ ಏನೂ ಆಗಂಗಿಲ್ಲ’ ಅಂತಾರೆ.
— ಓದುಗರು, ಹಳೇ ಹುಬ್ಬಳ್ಳಿ

ಗೆಳೆಯರ ಮಾತು ಕೇಳಬೇಡಿ. ನೀವು ಹೇಳುತ್ತಿರುವುದು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್, ಅಂದರೆ ಬಾಯಿಯ ಒಳಪೊರೆಯ ಕೆಳಗೆ ನಾರು ಕಟ್ಟಿ ಬಿಗಿಯುವ ಕಾಯಿಲೆ, ಇರಬಹುದು, ಮತ್ತು ಅದು ತರುವುದು ಅಡಿಕೆಯೇ. ತಂಬಾಕು ಬೇಕಾಗಿಯೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧ ಆಯಿತು. ಆಮೇಲೆ ಅಡಿಕೆ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಅಂತ ಮಾರಾಟ ಶುರುವಾಯಿತು. ಅಡಿಕೆ ಪ್ಯಾಕೆಟ್ ಒಂದೇ ತಿಂದರೆ ಪರವಾಗಿಲ್ಲ ಅನ್ನುವ ನಂಬಿಕೆ ನಮ್ಮ ಹುಡುಗರಲ್ಲಿ ಬೇರೂರಿದೆ. ಇದು ನನಗೆ ನಿಜವಾಗಿ ಸಿಟ್ಟು ಬರಿಸುವ ವಿಷಯ.

ಒಳಗೆ ನಡೆಯುವುದು ಹೀಗೆ. ಅಡಿಕೆಯ ಅರೆಕೋಲಿನ್ ಮತ್ತಿತರ ವಸ್ತುಗಳು ಒಳಪೊರೆಯ ಕೋಶಗಳಿಂದ ಟಿಜಿಎಫ್-ಬೀಟಾ ಎಂಬ ಸಂದೇಶ ವಸ್ತುವನ್ನು ಹೊರಡಿಸುತ್ತವೆ. ಕೆಳಗಿನ ಪದರದ ಫೈಬ್ರೋಬ್ಲಾಸ್ಟ್ ಕೋಶಗಳ ರಿಸೆಪ್ಟರಿಗೆ ಅದು ಅಂಟಿದಾಗ ಅವು ಕೊಲ್ಲಾಜನ್ ನಾರು ಹೆಣೆಯಲು ಶುರು ಮಾಡುತ್ತವೆ. ಅಡಿಕೆಯಲ್ಲಿರುವ ತಾಮ್ರ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಚುರುಕು ಮಾಡಿ ಆ ನಾರುಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಹಾಗಾಗಿಯೇ ಕೆನ್ನೆ ಒಳಗಿನಿಂದ ಬಿಳಿಚಿ, ಬೆರಳಿಗೆ ಪಟ್ಟಿ ಪಟ್ಟಿಯಾಗಿ ಗಟ್ಟಿ ಸಿಗುವುದು. ಟಿಜಿಎಫ್-ಬೀಟಾಗೆ ಇನ್ನೊಂದು ಗುಣ ಇದೆ: ಅದು ಟಿ ಕೋಶಗಳ ಕೈ ಕಟ್ಟುತ್ತದೆ. ಅಂದರೆ ನಾರು ಬೆಳೆಸುವ ಸಂದೇಶವೇ ಕಾವಲನ್ನೂ ಸಡಿಲ ಮಾಡುತ್ತದೆ. ಕೇರಳದ ಎರ್ನಾಕುಲಂನಲ್ಲಿ ಇಂಥ ರೋಗಿಗಳನ್ನು 17 ವರ್ಷ ಹಿಂಬಾಲಿಸಿದಾಗ ನೂರಕ್ಕೆ 7.6 ಜನರಿಗೆ ಕ್ಯಾನ್ಸರ್ ಬಂದಿತ್ತು.

ಈಗಲೇ ಒಂದು ಪರೀಕ್ಷೆ ಮಾಡಿಕೊಳ್ಳಿ. ನಿಮ್ಮದೇ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ನಿಲ್ಲಿಸಿ, ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಹಾಕಿ ನೋಡಿ. ಹೋಗದಿದ್ದರೆ ಬಾಯಿ ತೆರೆಯುವುದು ಕಮ್ಮಿಯಾಗಿದೆ ಅಂತ ಅರ್ಥ. ಈ ವಾರವೇ ಡೆಂಟಲ್ ಕಾಲೇಜಿಗೆ ಹೋಗಿ. ನಿಮಗೆ ಹತ್ತಿರದಲ್ಲೇ ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ಡೆಂಟಲ್ ಕಾಲೇಜಿದೆ. ಬಾಯಿ ತೆರೆಯುವ ವ್ಯಾಯಾಮ, ಕೆನ್ನೆಯೊಳಗೆ ಇಂಜೆಕ್ಷನ್, ತೀರಾ ಬಿಗಿದಿದ್ದರೆ ಆಪರೇಷನ್, ಇವೆಲ್ಲ ಇವೆ. ಕಟ್ಟಿದ ನಾರು ಪೂರ್ತಿ ಕರಗುವುದಿಲ್ಲ, ಇದ್ದಷ್ಟನ್ನು ಉಳಿಸಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಅಡಿಕೆ ಬಿಡದೆ ಇಂಜೆಕ್ಷನ್ ತಗೊಂಡರೆ ದುಡ್ಡು ದಂಡ. ನಿಮಗೆ 24 ವರ್ಷ, ಇನ್ನೂ ಟೈಮ್ ಇದೆ.

ಪ್ರಶ್ನೆ: ನಮ್ಮದು ಮೆಣಸಿನಕಾಯಿ ವ್ಯಾಪಾರ. ಖಾರ ಜಾಸ್ತಿ ತಿಂದರೆ ಬಾಯಿ ಕ್ಯಾನ್ಸರ್ ಬರುತ್ತದಾ?
— ಓದುಗರು, ಬ್ಯಾಡಗಿ

ಬಾಯಿ ಕ್ಯಾನ್ಸರಿಗೆ ಕಾರಣ ಅಂತ ಬೆರಳು ತೋರಿಸಬೇಕಾದದ್ದು ತಂಬಾಕು, ಅಡಿಕೆ, ಮದ್ಯಕ್ಕೆ. ಮೆಣಸಿನಕಾಯಿಗಲ್ಲ. ಖಾರದ ಕ್ಯಾಪ್ಸೈಸಿನ್ ಅಂಟುವುದು ಟಿಆರ್‌ಪಿವಿ1 ಎಂಬ ರಿಸೆಪ್ಟರಿಗೆ. ಅದು ನೋವು-ಬಿಸಿ ತಿಳಿಸುವ ನರದ ರಿಸೆಪ್ಟರ್. ಒಳಪೊರೆ ತೆಳುವಾಗಿ ಸವೆದಾಗ ಅದೇ ಖಾರ ಹತ್ತು ಪಟ್ಟು ಉರಿದಂತೆ ಅನಿಸುತ್ತದೆ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಮ್ಮಿಯೇ. ಅದೂ ಉರಿಯುತ್ತಿದೆ ಅಂತ ಯಾರಾದರೂ ಹೇಳಿದರೆ ಅವರ ಬಾಯಿ ನೋಡಿಸಿ.

ಪ್ರಶ್ನೆ: ರೋಗನಿರೋಧಕ ಶಕ್ತಿ ಹೆಚ್ಚಿಸುವ ಕಷಾಯ, ಪುಡಿ, ಮಾತ್ರೆ ತಗೊಂಡರೆ ಬಿಳಿ ಮಚ್ಚೆ ಕ್ಯಾನ್ಸರ್ ಆಗದಂತೆ ತಡೆಯಬಹುದಾ? ನಮ್ಮ ಓಣಿಯಲ್ಲಿ ಒಬ್ಬರು ಮಾರುತ್ತಾರೆ.
— ಓದುಗರು, ಧಾರವಾಡ

ಮೇಲೆ ರಾಣೆಬೆನ್ನೂರಿನವರಿಗೆ ಬರೆದದ್ದನ್ನು ಓದಿದರೆ ಅರ್ಧ ಉತ್ತರ ಸಿಗುತ್ತದೆ. ಬಿಳಿ ಮಚ್ಚೆಯಲ್ಲಿ ‘ಶಕ್ತಿ’ ಕಮ್ಮಿಯಾಗಿದೆ ಅನ್ನುವುದೇ ಸರಿಯಾದ ಲೆಕ್ಕ ಅಲ್ಲ. ಅಲ್ಲಿ ಎಚ್ಚರಿಸುವ ರಿಸೆಪ್ಟರ್‌ಗಳು ಜಾಸ್ತಿ ಕೂಗುತ್ತಿರುತ್ತವೆ, ತಡೆಯುವ ರಿಸೆಪ್ಟರ್‌ಗಳೂ ಜಾಸ್ತಿ ಆಗುತ್ತಿರುತ್ತವೆ, ಎರಡೂ ಒಂದೇ ಜಾಗದಲ್ಲಿ. ಡಿಸ್ಪ್ಲೇಸಿಯಾ ಇರುವ ಮಚ್ಚೆಗಳಲ್ಲಿ ಪಿಡಿ-ಎಲ್1 ಕಾಣಿಸಿದೆ ಅನ್ನುವುದು ಹಲವು ಕಡೆ ದಾಖಲಾಗಿದೆ. ಇದರಲ್ಲಿ ಯಾವುದನ್ನು ‘ಹೆಚ್ಚಿಸಬೇಕು’ ಅಂತ ಆ ಪುಡಿಗೆ ಹೇಗೆ ಗೊತ್ತಾಗಬೇಕು? ಅಡುಗೆಯ ಅರಿಶಿನ ಅಡುಗೆಯಲ್ಲಿರಲಿ. ಆದರೆ ಪುಡಿ ತಿನ್ನುತ್ತಾ ಆರು ತಿಂಗಳು ಕಳೆದು, ಆಮೇಲೆ ಬಯಾಪ್ಸಿಗೆ ಬರುವವರನ್ನು ನೋಡಿದರೆ ಸಂಕಟ ಆಗುತ್ತದೆ. ಆ ಆರು ತಿಂಗಳು ಅವರಿಗೆ ಮತ್ತೆ ಸಿಗುವುದಿಲ್ಲ.

ಆದರೆ ವಸಡು ಶುಚಿಯಾಗಿಡುವುದು ಖಂಡಿತ ಮಾಡಬೇಕಾದ ಕೆಲಸ. ವಸಡಿನ ಕಾಯಿಲೆಯ ಬ್ಯಾಕ್ಟೀರಿಯಾ ಪೊರ್ಫಿರೊಮೊನಾಸ್ ಜಿಂಜಿವಾಲಿಸ್ ಬಾಯಿ ಕ್ಯಾನ್ಸರಿನ ಕೋಶಗಳಲ್ಲಿ ಪಿಡಿ-ಎಲ್1 ಏರಿಸುತ್ತದೆ ಅಂತ ಪ್ರಯೋಗಶಾಲೆಯಲ್ಲಿ ಕಂಡಿದೆ. ಫ್ಯೂಸೊಬ್ಯಾಕ್ಟೀರಿಯಂ ಎಂಬ ಇನ್ನೊಂದು, ಟಿಜಿಟ್ ಎಂಬ ತಡೆಯುವ ರಿಸೆಪ್ಟರಿಗೆ ನೇರವಾಗಿ ಅಂಟಿ ರಕ್ಷಣಾ ಕೋಶಗಳನ್ನು ಸುಮ್ಮನಾಗಿಸುತ್ತದೆ. ಹಲ್ಲು ಕ್ಲೀನ್ ಮಾಡಿಸಿದರೆ ಕ್ಯಾನ್ಸರ್ ಬರುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಪುಡಿಗೆ ಕೊಡುವ ದುಡ್ಡನ್ನು ಅದಕ್ಕೆ ಕೊಟ್ಟರೆ ಬಾಯಿಗೆ ಒಳ್ಳೆಯದಂತೂ ಆಗುತ್ತದೆ, ಜೊತೆಗೆ ಡಾಕ್ಟರ್ ಒಬ್ಬರು ಮಚ್ಚೆಯನ್ನೂ ನೋಡುತ್ತಾರೆ.

ಪ್ರಶ್ನೆ: ಇಮ್ಯೂನೋಥೆರಪಿ ಇಂಜೆಕ್ಷನ್‌ನಿಂದ ಬಿಳಿ ಮಚ್ಚೆಯನ್ನೇ ಕರಗಿಸಬಹುದಾ? ಕತ್ತರಿಸುವುದು ತಪ್ಪುತ್ತದಾ?
— ಓದುಗರು, ಹಾವೇರಿ

ಸದ್ಯಕ್ಕೆ ಇಲ್ಲ. ಅಮೆರಿಕದಲ್ಲಿ ಅಪಾಯ ಜಾಸ್ತಿ ಇರುವ, ಬಾಯಿತುಂಬಾ ಹರಡುವ ಒಂದು ಬಗೆಯ ಲ್ಯುಕೋಪ್ಲೇಕಿಯಾದ 33 ಜನರಿಗೆ ನಿವೊಲುಮ್ಯಾಬ್ ಕೊಟ್ಟು ನೋಡಿದರು. 2024ರ ಹೊತ್ತಿಗೆ ಫಲಿತಾಂಶ ಪ್ರಕಟವಾಯಿತು. ಮೂರರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಜನರ ಮಚ್ಚೆ ಚೆನ್ನಾಗಿ ಕುಗ್ಗಿತು. ಕೆಲವರಿಗೆ ಔಷಧಿ ಕೊಟ್ಟರೂ ಕ್ಯಾನ್ಸರ್ ಬಂತು. ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. ಆಸೆ ಹುಟ್ಟಿಸುವ ಕೆಲಸ, ಆದರೆ ಕ್ಯಾನ್ಸರ್ ಇಲ್ಲದ ಮನುಷ್ಯನ ಥೈರಾಯ್ಡ್ ಹಾಳಾಗುವ ಸಾಧ್ಯತೆಯನ್ನೂ ಲೆಕ್ಕ ಹಾಕಬೇಕಲ್ವಾ? ನಿಮ್ಮ ಮಚ್ಚೆ ಕತ್ತರಿಸಿ ತೆಗೆಯುವಂಥದ್ದು ಅಂತ ಡಾಕ್ಟರ್ ಹೇಳಿದ್ದರೆ ತೆಗೆಸಿ. ಈ ಇಂಜೆಕ್ಷನ್‌ಗಾಗಿ ಕಾಯಬೇಡಿ.

ಪ್ರಶ್ನೆ: ನಮ್ಮ ಅವ್ವ ಹೊಲದ ಕೆಲಸದವಳು. ಕಡ್ಡಿಪುಡಿ ಹಾಕುತ್ತಾಳೆ. ನಾಲಿಗೆ ಪಕ್ಕ ಒಂದು ಹುಣ್ಣು ತಿಂಗಳಾದರೂ ಮಾಯುತ್ತಿಲ್ಲ. ‘ಕತ್ತರಿ ಹಾಕಿಸಿದ್ರ ಹರಡ್ತೈತಿ’ ಅಂತ ಬಯಾಪ್ಸಿ ಬೇಡ ಅನ್ನುತ್ತಾಳೆ.
— ಓದುಗರು, ಶಿಗ್ಗಾವಿ

ಬಯಾಪ್ಸಿ ಮಾಡಿಸಿದರೆ ಹರಡುತ್ತದೆ ಅನ್ನುವುದು ಸುಳ್ಳು. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡ ಚೂರು ತೆಗೆಯುತ್ತಾರೆ, ಆ ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟಿರುತ್ತಾರೆ. ಹರಡುವುದು ತಡ ಮಾಡಿದರೆ. ಎರಡು ವಾರಕ್ಕೂ ಮಾಯದ ಹುಣ್ಣು ಯಾವುದೇ ಇರಲಿ ತೋರಿಸಲೇಬೇಕು, ಅದರಲ್ಲೂ ನಾಲಿಗೆಯ ಅಂಚಿನದು. ನೋವಿಲ್ಲ ಅಂತ ಬಿಡಬೇಡಿ, ಶುರುವಿನಲ್ಲಿ ನೋವಿರುವುದೇ ಕಮ್ಮಿ.

30 ವರ್ಷ ದಾಟಿದವರ ಬಾಯಿ ನೋಡುವುದು ಸರ್ಕಾರಿ ಆರೋಗ್ಯ ಕೇಂದ್ರದ ಕೆಲಸಗಳಲ್ಲೇ ಸೇರಿದೆ, ದುಡ್ಡು ಕೊಡಬೇಕಿಲ್ಲ. ಅಲ್ಲಿಂದ ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿ-ಆರ್‌ಐ) ಆಸ್ಪತ್ರೆಗೋ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬರೆಸಿಕೊಂಡು ಹೋಗಿ. ಬರೀ ಕಣ್ಣಿನಿಂದ ಬಾಯಿ ನೋಡುವುದಕ್ಕೆ ಎಷ್ಟು ಬೆಲೆ ಇದೆ ಅಂತ ಅವ್ವನಿಗೆ ಹೇಳಿ: ತಿರುವನಂತಪುರದಲ್ಲಿ ಊರೂರು ತಿರುಗಿ ಬಾಯಿ ತಪಾಸಣೆ ಮಾಡಿದ ದೊಡ್ಡ ಪ್ರಯೋಗದಲ್ಲಿ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ನೂರಕ್ಕೆ 34ರಷ್ಟು ಕಮ್ಮಿಯಾಯಿತು. ಅಲ್ಲಿ ಯಾವ ರಿಸೆಪ್ಟರ್ ಟೆಸ್ಟೂ ಇರಲಿಲ್ಲ, ಕಿಟಕಿಯ ಬೆಳಕಿನಲ್ಲಿ ಕೆನ್ನೆ ಎಳೆದು, ನಾಲಿಗೆ ಎತ್ತಿ ನೋಡಲು ಕಲಿತ ಆರೋಗ್ಯ ಕಾರ್ಯಕರ್ತರಿದ್ದರು. ಕಡ್ಡಿಪುಡಿ ಬಿಡಲು ಸಹಾಯ ಬೇಕಾದರೆ ತಂಬಾಕು ಪ್ಯಾಕೆಟ್ ಮೇಲೆಯೇ ಅಚ್ಚಾಗಿರುವ 1800-11-2356ಕ್ಕೆ ಫೋನ್ ಮಾಡಿ.

ಪ್ರಶ್ನೆ: ಒಂದು ಆಸ್ಪತ್ರೆಯಲ್ಲಿ ಬಯಾಪ್ಸಿ ಆಗಿದೆ. ಈಗ ಬೇರೆ ಊರಿನ ಆಸ್ಪತ್ರೆಗೆ ಹೋಗುತ್ತಿದ್ದೇವೆ. ಪಿಡಿ-ಎಲ್1 ನೋಡಲು ಮತ್ತೆ ಮಾಂಸ ತೆಗೆಯುತ್ತಾರಾ?
— ಓದುಗರು, ಲಕ್ಷ್ಮೇಶ್ವರ

ಹೆಚ್ಚಿನ ಸಲ ಬೇಕಾಗುವುದಿಲ್ಲ. ಮೊದಲು ತೆಗೆದ ಚೂರು ಮೇಣದ ಬ್ಲಾಕಿನಲ್ಲಿ ಭದ್ರವಾಗಿರುತ್ತದೆ, ವರ್ಷಗಟ್ಟಲೆ ಕೆಡುವುದಿಲ್ಲ. ಅದರಿಂದಲೇ ಹೊಸ ಪದರ ಸೀಳಿ ಪಿಡಿ-ಎಲ್1 ನೋಡಬಹುದು. ಮೊದಲ ಆಸ್ಪತ್ರೆಯ ಪ್ಯಾಥಾಲಜಿ ವಿಭಾಗಕ್ಕೆ ಹೋಗಿ, ರಿಪೋರ್ಟ್ ನಂಬರ್ ತೋರಿಸಿ, ‘ಬ್ಲಾಕ್ ಮತ್ತು ಸ್ಲೈಡ್ ಎರಡೂ ಬೇಕು’ ಅಂತ ಚೀಟಿ ಬರೆದುಕೊಟ್ಟರೆ ಕೊಡುತ್ತಾರೆ. ಬರೀ ಸ್ಲೈಡ್ ತಗೊಂಡು ಹೋದರೆ ಸಾಲದು, ಅದರ ಮೇಲೆ ಆಗಲೇ ಬೇರೆ ಬಣ್ಣ ಹಾಕಿರುತ್ತಾರೆ. ಬ್ಲಾಕನ್ನು ಬಿಸಿಲಿನಲ್ಲಿ, ಬೈಕಿನ ಸೀಟಿನ ಕೆಳಗೆ ಇಡಬೇಡಿ, ಮೇಣ ಕರಗುತ್ತದೆ. ಕೆಲಸ ಮುಗಿದ ಮೇಲೆ ಎರಡನೇ ಆಸ್ಪತ್ರೆಯಿಂದ ಅದನ್ನು ವಾಪಸ್ ಕೇಳಿ ಇಸಿದುಕೊಳ್ಳಿ, ಮುಂದೆ ಬೇಕಾಗಬಹುದು. ಆದರೆ ಹೊಸ ಗಂಟು ಬಂದಿದ್ದರೆ, ಅಥವಾ ಹಳೆಯ ಚೂರು ತೀರಾ ಚಿಕ್ಕದಿದ್ದು 100 ಕ್ಯಾನ್ಸರ್ ಕೋಶವೂ ಸಿಗದಿದ್ದರೆ, ಡಾಕ್ಟರ್ ಮತ್ತೊಮ್ಮೆ ಬಯಾಪ್ಸಿ ಕೇಳುತ್ತಾರೆ. ಆಗ ಇಲ್ಲ ಅನ್ನಬೇಡಿ.